ಇನ್ನು 46 ದಿನ, ಇನ್ನೂ 13 ಪುಸ್ತಕ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. 'ಈ ವರ್ಷ ಇಷ್ಟು ಪುಸ್ತಕ ಓದುತ್ತೇನೆ' ಎಂದು ಜನವರಿಯಲ್ಲಿ ಹಟ ತೊಟ್ಟವರು ಈಗ ಕೂತು ಲೆಕ್ಕ ಹಾಕುತ್ತಿದ್ದಾರೆ. ನಾನೂ ಒಂಬತ್ತು ವರ್ಷದಿಂದ ಪ್ರತಿ ಜನವರಿಗೆ ಇಂಥ ಸವಾಲು ಹಾಕಿಕೊಳ್ಳುತ್ತಾ ಬಂದವಳು. ನಿಮ್ಮ ಗಾಬರಿ ನನಗೆ ಚೆನ್ನಾಗಿ ಗೊತ್ತು. ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರ: ಮೇಡಂ, ಈ ವರ್ಷ 40 ಪುಸ್ತಕ ಓದಬೇಕು ಅಂತ ಜನವರಿ 1ರಂದು ಡೈರಿಯಲ್ಲಿ ಬರೆದಿದ್ದೆ. ಇವತ್ತು ನವೆಂಬರ್ 15. ಆಗಿರುವುದು 27. ಇನ್ನೂ 13 ಬಾಕಿ. ತೆಳ್ಳಗಿನ ಪುಸ್ತಕಗಳನ್ನೇ ಆರಿಸಿ ಮುಗಿಸಿಬಿಡು ಅನ್ನುತ್ತಾಳೆ ಗೆಳತಿ. ಗುರಿ ಇಳಿಸಿದರೆ ಸೋತ ಹಾಗಾಗುತ್ತದೆ. ಏನು ಮಾಡಲಿ?
(ಕೆಲಸಕ್ಕೆ ಹೋಗುವ ಓದುಗಿ)

ಉ: ಮೊದಲು ಪುಟದ ಲೆಕ್ಕ ನೋಡೋಣ. ನೀವು ಓದಿದ ಪುಸ್ತಕಗಳ ಪಟ್ಟಿಯನ್ನೂ ಕಳಿಸಿದ್ದೀರಿ. ಒಂದೊಂದಕ್ಕೆ ಸರಾಸರಿ 180 ಪುಟ ಬರುತ್ತದೆ. 27 ಪುಸ್ತಕಕ್ಕೆ 4,860 ಪುಟ. ಇಲ್ಲಿಯವರೆಗೆ 319 ದಿನ ಕಳೆದಿವೆ. ಅಂದರೆ ದಿನಕ್ಕೆ 15 ಪುಟ ಓದಿದ್ದೀರಿ. ಉಳಿದ 13 ಪುಸ್ತಕಕ್ಕೆ 2,340 ಪುಟ, ಇರುವುದು 46 ದಿನ. ದಿನಕ್ಕೆ 51 ಪುಟ ಬೇಕು. ಇಷ್ಟು ದಿನ ಓದಿದ ಮೂರರಷ್ಟಕ್ಕಿಂತ ಜಾಸ್ತಿ.

ಇದು ನಿಮ್ಮಿಂದ ಆಗುತ್ತದಾ? ಒಂದು ದಿನ ಗಡಿಯಾರ ಇಟ್ಟುಕೊಂಡು ಕಾಲು ಗಂಟೆ ಓದಿ ನೋಡಿ. ಮೌನವಾಗಿ ಓದುವ ವೇಗದ ಬಗ್ಗೆ 190 ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಅದರ ಪ್ರಕಾರ ಇಂಗ್ಲಿಷಿನಲ್ಲಿ ವಯಸ್ಕರು ನಿಮಿಷಕ್ಕೆ ಓದುವುದು ಕಥೆ ಕಾದಂಬರಿಯಾದರೆ ಸುಮಾರು 260 ಪದ, ಬೇರೆ ಬರಹವಾದರೆ 238 ಪದ. ಆ ಅಂಕಿಯನ್ನು ಕನ್ನಡಕ್ಕೆ ತಂದು ಹಚ್ಚಬೇಡಿ. ನಮ್ಮಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ, ಪದಗಳು ಉದ್ದ. ನನಗೆ ಒಂದು ಪುಟಕ್ಕೆ ಎರಡು ನಿಮಿಷ ಬೇಕು. ನಿಮಗೂ ಅಷ್ಟೇ ಅಂತ ಇಟ್ಟುಕೊಂಡರೆ 51 ಪುಟಕ್ಕೆ ದಿನಾ ಒಂದು ಗಂಟೆ 42 ನಿಮಿಷ. ಕೆಲಸಕ್ಕೆ ಹೋಗಿ ಬರುವವರಿಗೆ 46 ದಿನ ಒಂದೂ ತಪ್ಪದೆ ಇದು ಸಾಧ್ಯವಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ 25 ಪುಟ ಸಾಧ್ಯ. ಐವತ್ತು ನಿಮಿಷ. ಅಷ್ಟಾದರೆ ವರ್ಷ ಮುಗಿಯುವ ಹೊತ್ತಿಗೆ ಇನ್ನೂ ಆರು ಪುಸ್ತಕ ಆಗುತ್ತವೆ. ಒಟ್ಟು 33.

ಡೈರಿಯಲ್ಲಿ 40ರ ಮೇಲೆ ಗೆರೆ ಎಳೆದು ಪಕ್ಕದಲ್ಲಿ 33 ಅಂತ ಬರೆಯಿರಿ. ತಾರೀಕೂ ಹಾಕಿ. ಓದುಗರ ಜಾಲತಾಣ ಗುಡ್‌ರೀಡ್ಸ್‌ನವರು 2011ರಿಂದ ಪ್ರತಿ ವರ್ಷ ಇಂಥ ಸವಾಲು ನಡೆಸುತ್ತಿದ್ದಾರೆ. ಎಷ್ಟು ಪುಸ್ತಕ ಹಿಂದೆ ಬಿದ್ದಿದ್ದೀರಿ ಎಂದು ಅದು ತೋರಿಸುತ್ತದೆ, ನಿಜ. ಆದರೆ ಗುರಿಯನ್ನು ವರ್ಷದ ಮಧ್ಯೆ ಬದಲಿಸಲು ಅಲ್ಲೂ ಅವಕಾಶ ಇದೆ. ಜನವರಿಯಲ್ಲಿ ಇಟ್ಟ ಸಂಖ್ಯೆ ಒಂದು ಅಂದಾಜು. ಮುಂದಿನ ಹನ್ನೊಂದು ತಿಂಗಳು ಹೇಗಿರುತ್ತವೆ ಅಂತ ಆಗ ನಿಮಗೆ ಗೊತ್ತಿರಲಿಲ್ಲ, ಅಲ್ವಾ? ಈಗ ಗೊತ್ತಿದೆ.

ಇನ್ನು ಗೆಳತಿ ಕೊಟ್ಟ ಸಲಹೆ. ದಯವಿಟ್ಟು ಅದನ್ನು ಕೇಳಬೇಡಿ. ತೆಳ್ಳಗಿನ ಪುಸ್ತಕ ಕೀಳು ಅಂತ ನಾನು ಹೇಳುತ್ತಿಲ್ಲ. ನನಗೆ ತುಂಬಾ ಇಷ್ಟವಾದ ಕೆಲವು ಪುಸ್ತಕಗಳು ನೂರು ಪುಟ ದಾಟುವುದಿಲ್ಲ. ಆದರೆ ತೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ ಪುಸ್ತಕ ಎತ್ತಿಕೊಂಡರೆ ಏನಾಗುತ್ತದೆ ಅನ್ನುವುದನ್ನು ನಾನು ಅನುಭವಿಸಿದ್ದೇನೆ.

ನನ್ನ ಕಪಾಟಿನಲ್ಲಿ 740 ಪುಟದ ಒಂದು ಪುಸ್ತಕ ಇತ್ತು. ಓದಲೇಬೇಕು ಅಂತ ಆಸೆಯಿಂದ ತಂದದ್ದು. ಮೂರು ವರ್ಷ ಅದು ಇದ್ದಲ್ಲೇ ಇತ್ತು. ಆ ಮೂರು ವರ್ಷ ನನ್ನ ಗುರಿ 50, 52, 60 ಅಂತ ಏರುತ್ತಾ ಹೋಗಿತ್ತು. ಮೂರು ಸಲವೂ ಮುಟ್ಟಿದೆ. ಪ್ರತಿ ಸಲ ಕಪಾಟಿನ ಮುಂದೆ ನಿಂತಾಗ ಕೈ ಆ ದಪ್ಪ ಪುಸ್ತಕದ ತನಕ ಹೋಗುತ್ತಿತ್ತು. 'ಇದೊಂದರ ಬದಲು ನಾಲ್ಕು ಆಗುತ್ತವಲ್ಲ' ಅಂತ ಪಕ್ಕದ್ದನ್ನು ಎತ್ತಿಕೊಳ್ಳುತ್ತಿದ್ದೆ. ಆ ನಾಲ್ಕರಲ್ಲಿ ಎರಡು ನನಗೆ ಬೇಕಾದ ಪುಸ್ತಕಗಳೇ ಆಗಿರಲಿಲ್ಲ. ಮೂರನೇ ವರ್ಷದ ಡಿಸೆಂಬರ್ 31ರ ರಾತ್ರಿ 60ನೆಯದನ್ನು ಮುಗಿಸಿ ಕಪಾಟಿಗೆ ಇಡಲು ಹೋದೆ. ದಪ್ಪ ಪುಸ್ತಕದ ನೆತ್ತಿಯ ಮೇಲೆ ಧೂಳು ಕೂತಿತ್ತು. ಆಗ ಬಹಳ ಬೇಸರವಾಯಿತು. ಓದಬೇಕು ಎಂಬ ಆಸೆಗೆ ಶುರುಮಾಡಿದ ಸವಾಲೇ ನನ್ನನ್ನು ಆ ಪುಸ್ತಕದಿಂದ ದೂರ ಇಟ್ಟಿತ್ತು.

ಮರುದಿನವೇ ನಿಯಮ ಬದಲಿಸಿದೆ. ಪುಸ್ತಕ ಎಣಿಸುವುದು ಬಿಟ್ಟು ಪುಟ ಎಣಿಸಿದೆ. ವರ್ಷಕ್ಕೆ 9,000 ಪುಟ, ಅಂದರೆ ದಿನಕ್ಕೆ ಸುಮಾರು 25. ಹಾಗೆ ಎಣಿಸಿದಾಗ ದಪ್ಪಕ್ಕೂ ತೆಳುವಿಗೂ ಭೇದ ಇಲ್ಲ. ಮೊದಲು ಎತ್ತಿಕೊಂಡದ್ದು ಅದೇ 740 ಪುಟದ್ದು. ಐದು ವಾರದಲ್ಲಿ ಮುಗಿಯಿತು. ಆ ವರ್ಷ ಓದಿದ್ದು ಒಟ್ಟು 38 ಪುಸ್ತಕ. 60 ಓದಿದ ವರ್ಷಕ್ಕಿಂತ ಅದು ನನಗೆ ಹೆಚ್ಚು ತುಂಬಿದ ವರ್ಷ.

ನೀವೂ ಬರುವ ಜನವರಿಗೆ ಪುಟದ ಗುರಿ ಇಟ್ಟು ನೋಡಿ. ಈ ವರ್ಷದ ಉಳಿದ ಆರು ಪುಸ್ತಕಗಳನ್ನು ನಿಮಗೆ ಬೇಕೆನಿಸಿದವುಗಳಲ್ಲೇ ಆರಿಸಿ. 33 ಆಗದೆ 31ಕ್ಕೆ ನಿಂತರೂ ನನಗೆ ಬರೆದು ತಿಳಿಸಿ.

ಪ್ರ: ಕೇಳುವ ಪುಸ್ತಕ, ಅಂದರೆ ಆಡಿಯೊ ಬುಕ್, ಲೆಕ್ಕಕ್ಕೆ ಬರುತ್ತದಾ? ಅದು ಓದಿದ ಹಾಗಲ್ಲ ಅಂತ ಮನೆಯಲ್ಲಿ ಅಣ್ಣ ವಾದ ಮಾಡುತ್ತಾನೆ. ಮೂವತ್ತು ಪುಟದ ಪುಸ್ತಿಕೆ? ಎರಡನೇ ಸಲ ಓದಿದ್ದು?
(ಕಾಲೇಜು ವಿದ್ಯಾರ್ಥಿ)

ಉ: ಕೇಳಿದ್ದು ಖಂಡಿತ ಬರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಪುಸ್ತಕದ ಭಾಗಗಳನ್ನು ಕೆಲವರಿಗೆ ಕೇಳಿಸಿದರು. ಕೆಲವರು ಪರದೆಯ ಮೇಲೆ ಓದಿದರು, ಇನ್ನು ಕೆಲವರು ಓದುತ್ತಲೇ ಕೇಳಿದರು. ಎಷ್ಟು ಅರ್ಥವಾಗಿದೆ ಎಂದು ಆಗಲೇ ಪರೀಕ್ಷಿಸಿದರು. ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಿದರು. ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಅಣ್ಣನಿಗೆ ಹೇಳಿ. ಕಣ್ಣು ಕಾಣದವರು, ಅಕ್ಷರ ಹಿಡಿಯಲು ಕಷ್ಟಪಡುವವರು ಕೇಳಿಯೇ ಓದುತ್ತಾರೆ ಅನ್ನುವುದನ್ನೂ ಹೇಳಿ. ನನ್ನ ಓದಿನ ಲೆಕ್ಕದ ಪುಸ್ತಕದಲ್ಲಿ ಕೇಳಿದ್ದರ ಮುಂದೆ 'ಕೇ' ಅಂತ ಗುರುತು ಹಾಕುತ್ತೇನೆ, ಅಷ್ಟೇ. ಆದರೆ ಬೇಗ ಮುಗಿಯಲಿ ಅಂತ ವೇಗ ಎರಡು ಪಟ್ಟು ಏರಿಸಿ ಕೇಳಬೇಡಿ. ಒಂದು ಸಲ ಹಾಗೆ ಕೇಳಿ, ಕಥೆಯಲ್ಲಿ ಯಾರು ಸತ್ತರು ಅಂತಲೇ ತಿಳಿಯದೆ ಮೊದಲಿನಿಂದ ಮತ್ತೆ ಕೇಳಬೇಕಾಯಿತು.

ಪುಸ್ತಿಕೆಯ ವಿಷಯಕ್ಕೆ ಒಂದು ಹಳೆಯ ಅಳತೆ ಇದೆ. ದೇಶಗಳು ಪ್ರಕಟಣೆಯ ಅಂಕಿಅಂಶ ಕೊಡುವಾಗ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಯುನೆಸ್ಕೊ 1964ರಲ್ಲಿ ಪುಸ್ತಕ ಅಂದರೆ ಏನು ಎಂದು ಹೇಳಿತು. ರಕ್ಷಾಪುಟ ಬಿಟ್ಟು ಕಡಿಮೆ ಅಂದರೆ 49 ಪುಟ ಇರಬೇಕು. ಅದಕ್ಕಿಂತ ಚಿಕ್ಕದು ಪುಸ್ತಿಕೆ. ನಿಮಗೆ ಇದು ಒಪ್ಪಿಗೆಯಾದರೆ ಹಿಡಿದುಕೊಳ್ಳಿ. ಮಕ್ಕಳಿಗೆ ಓದಿ ಹೇಳುವ ಚಿತ್ರಪುಸ್ತಕಗಳಿಗೆ ನಾನು ಬೇರೆ ಪಟ್ಟಿ ಇಟ್ಟಿದ್ದೇನೆ. ಎರಡನೇ ಸಲ ಓದಿದ್ದನ್ನು ಎಣಿಸಿ, ಧಾರಾಳವಾಗಿ ಎಣಿಸಿ. ಒಂದೇ ಮಾತು: ನಿಯಮ ಏನೇ ಇರಲಿ, ಜನವರಿಯಲ್ಲೇ ಬರೆದಿಡಿ. ನವೆಂಬರಿನಲ್ಲಿ ಕೂತು ನಿಯಮ ಮಾಡಿದರೆ ಮನಸ್ಸು ತನಗೆ ಅನುಕೂಲವಾದದ್ದನ್ನೇ ಹೇಳುತ್ತದೆ.

ಪ್ರ: ಅರ್ಧ ಓದಿ ಬಿಟ್ಟ ಏಳು ಪುಸ್ತಕ ಇವೆ. ಬಿಟ್ಟರೆ ತಪ್ಪು ಮಾಡಿದ ಭಾವನೆ. ಮುಗಿಸೋಣ ಅಂದರೆ ಮನಸ್ಸು ಬರುವುದಿಲ್ಲ. ಅದರಿಂದಾಗಿ ಹೊಸದೂ ಶುರುವಾಗುತ್ತಿಲ್ಲ.
(ಹೆಸರು ಬೇಡ ಎಂದವರು)

ಉ: ಏಳರಲ್ಲಿ ಐದನ್ನು ಇವತ್ತೇ ಬಿಡಿ. ಯಾವ ಎರಡು ಉಳಿಯಬೇಕು ಅಂತ ನಿಮಗೆ ಈಗಲೇ ಗೊತ್ತಿದೆ ಅನಿಸುತ್ತದೆ.

ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರದ್ದು ಒಂದು ಸೂತ್ರ ಇದೆ. ಯಾವ ಪುಸ್ತಕಕ್ಕೂ 50 ಪುಟ ಅವಕಾಶ ಕೊಡಿ. ಆಮೇಲೂ ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ 100ರಿಂದ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ನನಗೆ ಈಗ 58. ಹಾಗಾಗಿ 42 ಪುಟ. ಮುಂದಿನ ವರ್ಷ 41. ಇದರಲ್ಲಿ ಒಂದು ಸತ್ಯ ಇದೆ. ನಮ್ಮ ಮುಂದಿರುವ ಓದುವ ವರ್ಷಗಳು ಕಡಿಮೆ ಆಗುತ್ತಾ ಹೋಗುತ್ತವೆ. ಹಿಡಿಸದ ಪುಸ್ತಕಕ್ಕೆ ಅವನ್ನು ಸುಮ್ನೆ ಕೊಡಬಾರದು.

ನೀವು ಪುಟ ಎಣಿಸುವವರಾದರೆ ಓದಿದಷ್ಟು ಪುಟ ಲೆಕ್ಕಕ್ಕೆ ಸೇರಿಸಿ. ಪುಸ್ತಕ ಎಣಿಸುವವರಾದರೆ ಸೇರಿಸಬೇಡಿ, ಬೇರೆ ಪುಟದಲ್ಲಿ 'ಬಿಟ್ಟದ್ದು' ಅಂತ ಬರೆದು, ಯಾಕೆ ಬಿಟ್ಟೆ ಅಂತ ಒಂದು ಸಾಲು ಬರೆಯಿರಿ. ನನ್ನ ಆ ಪಟ್ಟಿಯಿಂದ ಮೂರು ಪುಸ್ತಕಗಳು ವರ್ಷಗಳ ನಂತರ ಮತ್ತೆ ನನ್ನ ಕೈಗೆ ಬಂದು, ಆಗ ಕೆಳಗಿಡಲು ಆಗದಷ್ಟು ಹಿಡಿಸಿದವು.

ಪ್ರ: ಕಳೆದ ವರ್ಷ 52 ಓದಿ ಗುರಿ ಮುಟ್ಟಿದೆ, ಅಕ್ಕ. ಆದರೆ ಈಗ ಪಟ್ಟಿ ತೆಗೆದರೆ ಅರ್ಧದಷ್ಟು ಪುಸ್ತಕಗಳಲ್ಲಿ ಏನಿತ್ತು ಅಂತಲೇ ನೆನಪಿಲ್ಲ. ಓದಿದ್ದು ದಂಡವಾಯಿತಾ?
(ಇಬ್ಬರು ಮಕ್ಕಳ ತಾಯಿ)

ಉ: ದಂಡವಾಗಿಲ್ಲ, ತಂಗಿ. ನಿಮ್ಮ ಪತ್ರ ಓದುವಾಗ ನನ್ನ 60ರ ವರ್ಷವೇ ನೆನಪಾಯಿತು. 'ಅದರಲ್ಲಿ ಯಾವುದು ಚೆನ್ನಾಗಿತ್ತು?' ಎಂದು ಫೆಬ್ರುವರಿಯಲ್ಲಿ ಒಬ್ಬರು ಕೇಳಿದರು. ಪಟ್ಟಿ ತೆಗೆದು ನೋಡಿದರೆ ಇಪ್ಪತ್ತು ಹೆಸರುಗಳ ಬಗ್ಗೆ ನನಗೆ ಒಂದು ಮಾತೂ ಹೇಳಲು ಬರಲಿಲ್ಲ.

ಮರೆಯುವುದು ಸಹಜ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಹೋಗಿಬಿಡುತ್ತದೆ, ಆಮೇಲೆ ನಿಧಾನ. ಕಥೆ ಅಷ್ಟು ಬೇಗ ಹೋಗುವುದಿಲ್ಲ, ಅದಕ್ಕೆ ಅರ್ಥ ಇದೆ. ಆದರೂ ಒಂದರ ಹಿಂದೆ ಒಂದು ಓದುತ್ತಲೇ ಹೋದರೆ ಹಿಂದಿನದು ಮಸುಕಾಗುತ್ತದೆ.

ಇದಕ್ಕೆ ನನಗೆ ಕೆಲಸ ಮಾಡಿದ ಉಪಾಯ ಹೇಳುತ್ತೇನೆ. ಪುಸ್ತಕ ಮುಗಿದ ಮೇಲೆ ಅದನ್ನು ಮುಚ್ಚಿಡಿ. ಮರುದಿನ, ಅದನ್ನು ತೆರೆಯದೆ, ನೆನಪಿನಿಂದ ಐದು ಸಾಲು ಬರೆಯಿರಿ. ತೆರೆಯದೆ ಅನ್ನುವುದು ಮುಖ್ಯ. 2006ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟು ಕೆಲವರಿಂದ ಅದನ್ನೇ ಮತ್ತೆ ಓದಿಸಿದರು, ಕೆಲವರಿಂದ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದೆ. ನೆನಪು ಮಾಡಿಕೊಳ್ಳಲು ಪಡುವ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ.

ಐದು ಸಾಲಿನಲ್ಲಿ ಕಥೆಯ ಸಾರಾಂಶ ಬೇಡ. ಸಾರಾಂಶ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವ ಚಿತ್ರ ಕಣ್ಣಿಗೆ ಕಟ್ಟಿತು, ಎಲ್ಲಿ ಓದುವುದು ನಿಲ್ಲಿಸಿ ಸುಮ್ಮನೆ ಕೂತಿರಿ, ಯಾರ ಮೇಲೆ ಸಿಟ್ಟು ಬಂತು, ಆ ದಿನ ನೀವು ಎಲ್ಲಿ ಕೂತು ಓದುತ್ತಿದ್ದಿರಿ, ಇಂಥವನ್ನು ಬರೆಯಿರಿ. ನನ್ನ ಓದಿನ ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ 'ಅಮ್ಮನಿಗೆ ಜ್ವರ, ಹಾಸಿಗೆಯ ಪಕ್ಕ ಕೂತು ಓದಿದ್ದು' ಅಂತ ಮಾತ್ರ ಇದೆ. ಅದನ್ನು ನೋಡಿದರೆ ಸಾಕು, ಇಡೀ ಕಾದಂಬರಿ ಎದುರಿಗೆ ಬರುತ್ತದೆ. ಅಮ್ಮ ಈಗ ಇಲ್ಲ. ಆ ಪುಟ ನನಗೆ ಎರಡು ಕಾರಣಕ್ಕೆ ಬೇಕು.

ಕಳೆದ ವರ್ಷದ 52ರಲ್ಲಿ ನೆನಪಿಲ್ಲದ ನಾಲ್ಕನ್ನು ಆರಿಸಿ ಮತ್ತೆ ಓದಿ. ಓದುತ್ತಾ ಹೋದಂತೆ ಎಷ್ಟೋ ಮರಳಿ ಬರುತ್ತದೆ.

ಪ್ರ: ನಾನು ಎಂದೂ ಸವಾಲು ಹಾಕಿಕೊಂಡವನಲ್ಲ. ಶಾಲೆ ಬಿಟ್ಟ ಮೇಲೆ ಓದೇ ನಿಂತುಹೋಗಿದೆ. ಬರುವ ವರ್ಷ ಎಷ್ಟು ಇಟ್ಟುಕೊಳ್ಳಲಿ?
(ಮೂವತ್ತೈದರ ಹೊಸ ಓದುಗ)

ಉ: ಆರು. ಎರಡು ತಿಂಗಳಿಗೆ ಒಂದು.

ದಿನಾ ಒಂದೇ ಹೊತ್ತಿಗೆ, ಆಗಲೇ ಇರುವ ಒಂದು ಅಭ್ಯಾಸದ ಹಿಂದೆಯೇ ಹತ್ತು ಪುಟ ಓದಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ಬೇಗ ಅಂದರೆ 18, ತಡ ಅಂದರೆ 254. ಹಾಗಾಗಿ ಫೆಬ್ರುವರಿಯಲ್ಲಿ ಇನ್ನೂ ಕಷ್ಟ ಅನಿಸಿದರೆ ನಿಮ್ಮಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳಬೇಡಿ. ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂದೂ ಅದರಲ್ಲಿ ಕಂಡುಬಂತು. ಫೋನನ್ನು ಬೇರೆ ಕೋಣೆಯಲ್ಲಿಡಿ. ಶಾಲೆಯಲ್ಲಿದ್ದಾಗ ಇಷ್ಟಪಟ್ಟ ಪುಸ್ತಕದಿಂದಲೇ ಶುರುಮಾಡಿ.

ಪ್ರ: ಮೇಡಂ, ನನ್ನ 24 ಪುಸ್ತಕದ ಗುರಿ ನವೆಂಬರ್ ಮೊದಲ ವಾರದಲ್ಲೇ ಮುಗಿಯಿತು! ಮೊದಲ ಸಲ. ಖುಷಿಗೆ ಯಾರಿಗೆ ಹೇಳಲಿ ಅಂತ ನಿಮಗೆ ಬರೆಯುತ್ತಿದ್ದೇನೆ. ಗುರಿ ಏರಿಸಿ 30 ಮಾಡಲಾ?
(ಹತ್ತನೇ ತರಗತಿ ಹುಡುಗಿ)

ಉ: ಪುಟ್ಟಾ, ತುಂಬಾ ತುಂಬಾ ಸಂತೋಷ. ನಿನ್ನ ಪತ್ರವನ್ನು ಎರಡು ಸಲ ಓದಿದೆ. 24 ಹೆಸರುಗಳನ್ನೂ ಚಂದದ ಅಕ್ಷರದಲ್ಲಿ ಬರೆದು, ಇಷ್ಟವಾದುದಕ್ಕೆ ನಕ್ಷತ್ರ ಹಾಕಿದ್ದೀಯ. ಹನ್ನೊಂದು ನಕ್ಷತ್ರ ಎಣಿಸಿದೆ.

30 ಮಾಡಬೇಡ. ಗುರಿ ಮುಗಿದ ಮೇಲೆ ಸಿಗುವ ವಾರಗಳಲ್ಲಿ ಲೆಕ್ಕ ಇರುವುದಿಲ್ಲ, ಅವು ಪೂರ್ತಿ ನಿನ್ನವು. ದಪ್ಪ ಇದೆ, ಹೆಚ್ಚು ದಿನ ತಿನ್ನುತ್ತದೆ ಅಂತ ಈ ವರ್ಷ ನೀನು ಪಕ್ಕಕ್ಕೆ ಇಟ್ಟ ಒಂದು ಪುಸ್ತಕ ಇದ್ದೇ ಇರುತ್ತದೆ. ಅದನ್ನು ಈಗ ತೆಗೆ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಇವತ್ತಿನ ತಾರೀಕು ಬರೆ. ಮುಗಿದ ತಾರೀಕಿಗೆ ಪಕ್ಕದಲ್ಲಿ ಸ್ವಲ್ಪ ಜಾಗ ಬಿಡು. ಅದು ಯಾವ ಪುಸ್ತಕ ಅಂತ ನನಗೆ ಬರೆ.