ಓದುಗರ ಪ್ರಶ್ನೆ: ಪಾದ್ರಿ, ಪರಗ್ರಹ ಮತ್ತು ಪಾಪ

ಪ್ರಶ್ನೆ: ಜೇಮ್ಸ್ ಬ್ಲಿಷ್ ಅವರ ‘ಎ ಕೇಸ್ ಆಫ್ ಕಾನ್ಷನ್ಸ್’ ಓದಿದೆ. ಲಿಥಿಯಾ ಗ್ರಹದವರು ಸುಳ್ಳಾಡುವುದಿಲ್ಲ, ಕೊಲ್ಲುವುದಿಲ್ಲ. ಇಂಥ ಸಜ್ಜನರನ್ನು ಪಾದ್ರಿ ಸೈತಾನನ ಸೃಷ್ಟಿ ಅನ್ನೋದು ಯಾವ ನ್ಯಾಯ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಆ ಸಜ್ಜನಿಕೆಯೇ ಪಾದ್ರಿಗೆ ತೊಡಕು. 1958ರ ಈ ಕಾದಂಬರಿಯ ರೂಯಿಸ್-ಸಾಂಚೆಸ್ ಯೇಸುಸಭೆಯ ಪಾದ್ರಿ (ಬೆಳಗಾವಿ ಕ್ಯಾಂಪಿನ ಸೇಂಟ್ ಪಾಲ್ಸ್ ಶಾಲೆ ನಡೆಸುವುದೂ ಇದೇ ಸಭೆ), ಜೊತೆಗೆ ಜೀವವಿಜ್ಞಾನಿ. ಕ್ರೈಸ್ತ ನಂಬಿಕೆಯಂತೆ ಆದಾಮನ ಪಾಪ ಮನುಷ್ಯರಿಗೆಲ್ಲ ಅಂಟಿದೆ. ದೇವರ ಕೃಪೆಯಿಲ್ಲದೆ ಬಿಡುಗಡೆಯಿಲ್ಲ. ಲಿಥಿಯಾದಲ್ಲಿ ದೇವರೂ ಇಲ್ಲ, ಪ್ರಾರ್ಥನೆಯೂ ಇಲ್ಲ, ಆದರೂ ಎಲ್ಲವೂ ನೆಟ್ಟಗಿದೆ. ಮೇಲಾಗಿ ಅಲ್ಲಿಯ ಮರಿಗಳು ತಾಯಿಯ ಒಡಲಿನ ಹೊರಗೆ, ಮೀನಿನ ರೂಪದಿಂದ ಹಂತಹಂತವಾಗಿ ಕಣ್ಣೆದುರೇ ವಿಕಾಸಗೊಳ್ಳುತ್ತವೆ. ‘ದೇವರ ಗೊಡವೆಯೇ ಬೇಡ’ ಎಂದು ತೋರಿಸಲು ಯಾರೋ ಹೂಡಿದ ಬಲೆ ಇದು ಅನ್ನಿಸುತ್ತದೆ ಅವನಿಗೆ.

ಎಡವುವುದು ಇಲ್ಲೇ. ಸೈತಾನನೂ ಸೃಷ್ಟಿಸಬಲ್ಲ ಎಂದರೆ ಅದು ಮಾನಿ ಪಂಥದ ಮಾತಾಯಿತು: ಬೆಳಕಿಗೊಬ್ಬ ಒಡೆಯ, ಕತ್ತಲೆಗೊಬ್ಬ. ಸಂತ ಆಗಸ್ಟೀನ್ ವರ್ಷಗಟ್ಟಲೆ ನಂಬಿ, ಆಮೇಲೆ ಕಟುವಾಗಿ ಖಂಡಿಸಿದ ಪಂಥವದು. ಹಾಗಾಗಿ ಪಾದ್ರಿಯೇ ಧರ್ಮದ್ರೋಹಿಯಾಗುತ್ತಾನೆ. ಸೈತಾನ ಸೃಷ್ಟಿಸಲಾರ, ಭ್ರಮೆ ಹುಟ್ಟಿಸಬಲ್ಲ. ಉಚ್ಚಾಟನೆಯ ದಾರಿ ಇತ್ತಲ್ಲ ಎಂಬುದು ಪೋಪರ ಪರಿಹಾರ. ಕೊನೆಗೆ ಉಚ್ಚಾಟನೆಯ ಹೊತ್ತಿಗೇ ಭೌತವಿಜ್ಞಾನಿ ಕ್ಲೀವರ್‌ನ ಪ್ರಯೋಗವೂ ಕೈಮೀರಿ ಗ್ರಹ ಸಿಡಿಯುತ್ತದೆ. ಯಾವುದರಿಂದ ಸಿಡಿಯಿತು ಎಂದು ಬ್ಲಿಷ್ ಬಾಯಿ ಬಿಡುವುದಿಲ್ಲ. ಮೊದಲ ಭಾಗ 1953ರಲ್ಲೇ ಬಿಡಿ ಕಥೆಯಾಗಿ ಬಂದಿತ್ತು. ಭೂಮಿಯಲ್ಲಿ ನಡೆಯುವ ಎರಡನೆಯದು ಅದರ ಮುಂದೆ ಸಡಿಲ, ಬೆಸುಗೆ ಎದ್ದು ಕಾಣುತ್ತದೆ.

ಪ್ರಶ್ನೆ: ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್’ದಾಗ ಮುಖ್ಯ ಪಾತ್ರ ಮೊದಲನೇ ಭಾಗದಾಗ ಸತ್ತಹೋಗ್ತಾನ. ಮುಂದ ಯಾಕ ಓದಬೇಕ್ರಿ?
– ಓದುಗರೊಬ್ಬರು, ವಿಜಯಪುರ

ಉತ್ತರ: ಮುಖ್ಯ ಪಾತ್ರ ಮಠ, ಸನ್ಯಾಸಿಯಲ್ಲ. ಅಣುಯುದ್ಧದ ನಂತರ ಪುಸ್ತಕ ಸುಡುವ ಕಾಲದಲ್ಲಿ ಅಳಿದುಳಿದ ಹಾಳೆಗಳನ್ನು ಕಾಯುವ ಮಠವದು. ಭಾಗದಿಂದ ಭಾಗಕ್ಕೆ ಸುಮಾರು 600 ವರ್ಷ ಸರಿಯುತ್ತವೆ. ಬ್ರದರ್ ಫ್ರಾನ್ಸಿಸ್ ಒಂದು ವಿದ್ಯುತ್ ಮಂಡಲದ ನಕ್ಷೆಯನ್ನು, ತಲೆಬುಡ ತಿಳಿಯದೆ, 15 ವರ್ಷ ಕೂತು ಚಿನ್ನದ ಅಲಂಕಾರ ಹಾಕಿ ನಕಲು ಮಾಡುತ್ತಾನೆ. ದಾರಿಯಲ್ಲಿ ದರೋಡೆಕೋರ ಆ ಹೊಳೆಯುವ ನಕಲನ್ನೇ ಮೂಲವೆಂದು ಕಿತ್ತುಕೊಳ್ಳುತ್ತಾನೆ. ಮಾಸಿದ ಮೂಲ ಪೋಪರ ಕೈ ಸೇರುತ್ತದೆ. ಲೇಖಕ ವಾಲ್ಟರ್ ಮಿಲ್ಲರ್ 1944ರಲ್ಲಿ ಇಟಲಿಯ ಮೊಂಟೆ ಕ್ಯಾಸಿನೊ ಮಠದ ಮೇಲಿನ ಬಾಂಬ್ ದಾಳಿಯಲ್ಲಿ ವಿಮಾನದಲ್ಲಿದ್ದವರು. ಮೂರನೇ ಭಾಗವನ್ನು ಇದು ಗೊತ್ತಿದ್ದು ಓದಿ. ಲ್ಯಾಟಿನ್ ಸಾಲುಗಳನ್ನು ದಾಟಿ ಹೋದರೂ ಕಥೆ ತಪ್ಪುವುದಿಲ್ಲ.

ಪ್ರಶ್ನೆ: ಸಿ. ಎಸ್. ಲೂಯಿಸ್ ಅವರ ಮೂರು ಬಾಹ್ಯಾಕಾಶ ಕಾದಂಬರಿಗಳನ್ನು ಸರದಿಯಲ್ಲೇ ಓದಬೇಕೆ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಹೌದು, 1938, 1943, 1945ರ ಕ್ರಮದಲ್ಲೇ. ಎರಡನೆಯದಾದ ‘ಪೆರೆಲಾಂಡ್ರಾ’ಕ್ಕೆ ಮೊದಲು ಬೈಬಲ್‌ನ ಆದಿಕಾಂಡದ 3ನೇ ಅಧ್ಯಾಯ ಓದಿಕೊಳ್ಳಿ, ಒಂದೇ ಪುಟ. ಅಲ್ಲಿಯ ನಿಷಿದ್ಧ ಹಣ್ಣಿನ ಜಾಗದಲ್ಲಿ ಇಲ್ಲಿ ಗಟ್ಟಿ ನೆಲ: ತೇಲುವ ದ್ವೀಪಗಳ ಶುಕ್ರಗ್ರಹದಲ್ಲಿ ಗಟ್ಟಿ ನೆಲದ ಮೇಲೆ ರಾತ್ರಿ ಕಳೆಯಬಾರದು. ಮೂರನೆಯದು ಇಂಗ್ಲೆಂಡಿನಲ್ಲೇ ನಡೆಯುತ್ತದೆ, ಉದ್ದವೂ ಹೆಚ್ಚು. ಅನೇಕರು ಅದನ್ನು ಅರ್ಧಕ್ಕೇ ಬಿಡುತ್ತಾರೆ. ಬಿಟ್ಟರೆ ಮೊದಲೆರಡಕ್ಕೆ ನಷ್ಟವಿಲ್ಲ.