ಮೂವರು ಸ್ತಾನಿಸ್ವಾಫ್‌ಗಳ ಗೊಂದಲ

ಪೋಲೆಂಡಿನ ಸೇನಾಪತಿ ಯೂಜೆಫ್ ಪೊನ್ಯಾತೊವ್‌ಸ್ಕಿಗೆ ಸ್ತಾನಿಸ್ವಾಫ್ ತಾತನೋ ದೊಡ್ಡಪ್ಪನೋ ಅಂತ ಕೇಳಿದ್ದೀರಿ. ಎರಡೂ ಸರಿ. ಮನೆತನದಲ್ಲಿ ಆ ಹೆಸರಿನವರು ಮೂವರಿದ್ದಾರೆ. ನೀವು ಬರೆದ ಈ ಮನೆತನದ ವಂಶವೃಕ್ಷ ನೋಡಿಲ್ಲ, ಆದರೆ ಬಹುಶಃ ಎಡವಿದ್ದು ಅಲ್ಲೇ.

ಮೊದಲು ಹೆಸರಿನ ಪಕ್ಕ ಹುಟ್ಟಿದ ವರ್ಷ ಬರೆಯಿರಿ. 1676ರವನು ತಾತ, ರಷ್ಯಾ ವಿರುದ್ಧದ ಪೊಲ್ಟಾವಾ ಯುದ್ಧದಲ್ಲಿ ಸ್ವೀಡನ್ ರಾಜ 12ನೇ ಚಾರ್ಲ್ಸ್ ಜೊತೆಗಿದ್ದವನು. 1732ರವನು ದೊಡ್ಡಪ್ಪ, ಪೋಲೆಂಡಿನ ಕೊನೆಯ ರಾಜ. 1754ರವನು ಇನ್ನೊಬ್ಬ ದೊಡ್ಡಪ್ಪನ ಮಗ. ಇಂಗ್ಲಿಷಿನ ‘ಅಂಕಲ್’ ನಂಬಿ ಕೂತರೆ ಇದು ಬಿಡಿಸೋದು ಕಷ್ಟ.

ಆಮೇಲೆ ಅಪ್ಪನ ಜಾಗಕ್ಕೆ ಆಂಜೆಯ್ ಹಾಕಿ, ಆಸ್ಟ್ರಿಯಾ ಸೇನೆಯ ಜನರಲ್. ತಾಯಿ ತೆರೇಸಾ, ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಕಿನ್‌ಸ್ಕಿ ಮನೆತನದವಳು. ಯೂಜೆಫ್ ಹುಟ್ಟಿದ್ದು 1763ರಲ್ಲಿ, ವಿಯೆನ್ನಾದಲ್ಲೇ. ತಪ್ಪು ಅಂತ ಸುಮ್ನೆ ವಾರ್ಸಾ ಮಾಡಬೇಡಿ.

ಸಾವಿನ ಕಾಲಂಗೆ: 1813 ಅಕ್ಟೋಬರ್ 19, ಲೈಪ್‌ಜಿಗ್, ಎಲ್ಸ್ಟರ್ ನದಿ. ಫ್ರಾನ್ಸಿನ ಮಾರ್ಷಲ್ (ಸೇನೆಯ ಅತಿ ದೊಡ್ಡ ಪದವಿ) ಆಗಿ ಮೂರೇ ದಿನವಾಗಿತ್ತು.