ತಡವಾದ ಗ್ಯಾಸ್ ಬಿಲ್‌ಗೆ ದಂಡ: ಕಟ್ಟಲೇಬೇಕೇ?

ಪ್ರಶ್ನೆ: ನಾನು ಕೆನಡಾದ ಮಿಸಿಸಾಗಾ ನಿವಾಸಿ. ಚಳಿಗಾಲದಲ್ಲಿ ಊರಿಗೆ ಬಂದಿದ್ದಾಗ ಅಲ್ಲಿನ ಮನೆಯ ಗ್ಯಾಸ್ ಬಿಲ್ ಕಟ್ಟುವುದು ತಡವಾಯಿತು. ಮುಂದಿನ ಬಿಲ್‌ನಲ್ಲಿ ದಂಡ ಸೇರಿಸಿದ್ದಾರೆ. ಇಂಥ ದಂಡವನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿದೆ, ಕಟ್ಟಬೇಕಾಗಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ನಾನು ದಾವೆ ಹೂಡಬಹುದೇ?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ. ಅವರ ಮನಸ್ಸಿನಲ್ಲಿರುವುದು ಟೊರಾಂಟೊದ ಕನ್ಸ್ಯೂಮರ್ಸ್ ಗ್ಯಾಸ್ (ಇಂದಿನ ಎನ್‌ಬ್ರಿಡ್ಜ್ ಗ್ಯಾಸ್) ಕಂಪನಿಯ ವಿರುದ್ಧ ಗ್ರಾಹಕರೊಬ್ಬರು 1994ರಲ್ಲಿ ಎಲ್ಲ ಗ್ರಾಹಕರ ಪರವಾಗಿ ಹೂಡಿದ, ಗಾರ್ಲೆಂಡ್ ಪ್ರಕರಣವೆಂದೇ ಹೆಸರಾದ ದಾವೆ ಇರಬೇಕು. ಆಗ ಗಡುವು ದಾಟಿದ ಬಿಲ್‌ಗೆ ಕಂಪನಿಯು ಒಂದೇ ಸಲಕ್ಕೆ ಶೇ 5ರಷ್ಟು ದಂಡ ಸೇರಿಸುತ್ತಿತ್ತು. ನೂರು ಡಾಲರ್ ಬಿಲ್ ಒಂದು ದಿನ ತಡವಾದರೂ ಐದು ಡಾಲರ್, ಆರು ತಿಂಗಳು ತಡವಾದರೂ ಅದೇ ಐದು ಡಾಲರ್. ನೋಡಲು ಸಣ್ಣ ಮೊತ್ತವೇ. ಆದರೆ ಹತ್ತು ದಿನ ತಡವಾಗಿ ಕಟ್ಟಿದವರ ಪಾಲಿಗೆ ಅದು ಸರಳ ಬಡ್ಡಿಯ ಲೆಕ್ಕದಲ್ಲೇ ವರ್ಷಕ್ಕೆ ಶೇ 180ನ್ನು ಮೀರುತ್ತದೆ. ವರ್ಷಕ್ಕೆ ಶೇ 60ಕ್ಕಿಂತ ಹೆಚ್ಚು ಬಡ್ಡಿ ಪಡೆಯುವುದು ಅಂದಿನ ಕೆನಡಾದ ದಂಡಸಂಹಿತೆಯ 347ನೇ ಕಲಮಿನ ಪ್ರಕಾರ ಅಪರಾಧವಾಗಿತ್ತು. ಗಡುವಿನ ನಂತರ ಸುಮಾರು 37 ದಿನಗಳೊಳಗೆ ಬಾಕಿ ತೀರಿಸಿದವರೆಲ್ಲರೂ ಈ ಮಿತಿಗಿಂತ ಹೆಚ್ಚೇ ತೆತ್ತಿದ್ದರು. ಬೇಗ ಕಟ್ಟಿದಷ್ಟೂ ಬಡ್ಡಿಯ ದರ ಏರುವ ಈ ವ್ಯವಸ್ಥೆ ನನ್ನ ದೃಷ್ಟಿಯಲ್ಲಿ ತೀರಾ ಅನ್ಯಾಯದ್ದು.

ಹೆಸರು ದಂಡವೆಂದಿದ್ದರೂ ಕಾನೂನಿನ ಕಣ್ಣಿನಲ್ಲಿ ಅದು ಬಡ್ಡಿಯೇ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಪಿತ್ತಿತು. ಒಂಟಾರಿಯೊ ಇಂಧನ ಮಂಡಳಿ ಒಪ್ಪಿದ ದರವನ್ನೇ ತಾನು ವಸೂಲು ಮಾಡಿದ್ದೇನೆಂಬುದು ಕಂಪನಿಯ ಮುಖ್ಯ ವಾದವಾಗಿತ್ತು. ಮಂಡಳಿಯ ಒಪ್ಪಿಗೆ ಅಪರಾಧ ಕಾನೂನನ್ನು ಮೀರಲಾರದು ಎಂದು ನ್ಯಾಯಮೂರ್ತಿ ಫ್ರಾಂಕ್ ಯಾಕೊಬುಚಿ 2004ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದರು. ಆದರೆ ದಾವೆ ದಾಖಲಾಗುವವರೆಗೆ ಕಂಪನಿಯು ಮಂಡಳಿಯ ಆದೇಶವನ್ನು ನಂಬಿ ನಡೆದಿತ್ತಾದ್ದರಿಂದ, 1994ರ ನಂತರ ಮಿತಿ ಮೀರಿ ಪಡೆದ ಹಣಕ್ಕೆ ಮಾತ್ರ ಅದನ್ನು ಹೊಣೆಯಾಗಿಸಿದರು.

ಮುಂದಿನದು ಬೇಸರದ ಕಥೆ. 2006ರಲ್ಲಿ 2.2 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ ಒಂದು ಪಾಲು ಬಡವರ ಮನೆ ಬೆಚ್ಚಗಿಡುವ ನೆರವಿನ ನಿಧಿಗೆ ಸಂದಿತು, ಅದು ಒಳ್ಳೆಯದೇ. ಆದರೆ 2008ರಲ್ಲಿ ಇಂಧನ ಮಂಡಳಿಯು ಈ ಹೊರೆಯನ್ನು ದರದ ಮೂಲಕ ಗ್ರಾಹಕರಿಂದಲೇ ವಸೂಲು ಮಾಡಿಕೊಳ್ಳಲು ಕಂಪನಿಗೆ ಅನುಮತಿಸಿತು. ಹತ್ತು ವರ್ಷಕ್ಕೂ ಮಿಕ್ಕಿ ಹೋರಾಡಿ ಗೆದ್ದವರ ತಲೆಯ ಮೇಲೇ ಸೋತವರ ಬಾಕಿಯನ್ನು ಹೊರಿಸಿದ ಈ ಆದೇಶವನ್ನು ನಾನು ಎಂದಿಗೂ ಸಮರ್ಥಿಸಲಾರೆ.

ಇನ್ನು ನಿಮ್ಮ ವಿಷಯ. ನ್ಯಾಯಾಲಯ ತಡೆದದ್ದು ಮಿತಿ ಮೀರಿದ ಬಡ್ಡಿಯನ್ನೇ ಹೊರತು ತಡಪಾವತಿ ಶುಲ್ಕವನ್ನಲ್ಲ. ಈಗ ಎನ್‌ಬ್ರಿಡ್ಜ್ ತಿಂಗಳಿಗೆ ಶೇ 1.5, ಅಂದರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ ಶೇ 19.56 ವಿಧಿಸುತ್ತದೆ. 2025ರ ಜನವರಿ 1ರಿಂದ ಅಪರಾಧವೆನಿಸುವ ಬಡ್ಡಿಯ ಮಿತಿ ಶೇ 35ಕ್ಕೆ ಇಳಿದಿದ್ದರೂ ಈ ದರ ಅದರೊಳಗೇ ಇರುವುದರಿಂದ, ಹಳೆಯ ಆಧಾರದ ಮೇಲೆ ಹೊಸ ದಾವೆ ನಿಲ್ಲದು. ದಂಡವನ್ನು ಕಟ್ಟಿಬಿಡಿ, ಬಾಕಿ ಉಳಿಸಿಕೊಂಡರೆ ಅದು ಬೆಳೆಯುತ್ತಲೇ ಹೋಗುತ್ತದೆ.

ಅದಕ್ಕೂ ಮೊದಲು ಬಿಲ್‌ನಲ್ಲಿರುವ ಗಡುವಿನ ದಿನಾಂಕ, ಹಣ ಸಂದಾಯವಾದ ದಿನಾಂಕ ಮತ್ತು ಹಾಕಿರುವ ದರ ಈ ಮೂರನ್ನೂ ತಾಳೆ ನೋಡಿ. ವ್ಯತ್ಯಾಸ ಕಂಡರೆ ಕಂಪನಿಗೆ ಬರಹದಲ್ಲಿ ತಿಳಿಸಿ. ಅಲ್ಲಿ ಸರಿಹೋಗದಿದ್ದರೆ ಒಂಟಾರಿಯೊ ಇಂಧನ ಮಂಡಳಿಗೆ ದೂರು ಕೊಡಿ. ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕಾದರೆ ಅಲ್ಲಿನ ಸಾಮಾನ್ಯ ಕಾಲಮಿತಿ, ತಪ್ಪು ತಿಳಿದ ದಿನದಿಂದ ಎರಡು ವರ್ಷ ಎಂಬುದು ನೆನಪಿರಲಿ. ಮುಂದಿನ ಸಲ ಊರಿಗೆ ಹೊರಡುವ ಮೊದಲು ಬಿಲ್‌ನ ಹಣ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಏರ್ಪಾಟು ಮಾಡಿಕೊಳ್ಳಿ.